ನಾಲೆ ಬಯಲಿನ ಬಡವರು, ಬೆದ್ದಲಿನ ಬಡವರು

ನಾನು ಮದ್ದೂರು ತಾಲ್ಲೂಕಿನ ಒಂದು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಯಾರ ಕೊಟ್ಟಿಗೆಯಲ್ಲಿ ಎಷ್ಟು ರಾಸು, ಯಾರ ಹಸು ಬತ್ತಿತು, ಯಾರ ಬಟವಾಡೆಯಲ್ಲಿ ಪಶು ಆಹಾರದ ಬಾಬ್ತು ಎಷ್ಟು ಮುರಿದುಹೋಯಿತು, ಯಾರು ಮಗಳ ಮದುವೆಗೆ ಹಸು ಮಾರಿದರು ಎಂಬುದೆಲ್ಲ ತಾಲ್ಲೂಕು ಕಚೇರಿಗಿಂತ ಮೊದಲು ನನ್ನ ಪುಸ್ತಕಕ್ಕೆ ಬರುತ್ತದೆ. ಹಾಗಾಗಿ ‘ಮಂಡ್ಯ ಎಂದರೆ ನೀರಾವರಿ, ಅಲ್ಲೆಲ್ಲಿಯ ಬಡತನ?’ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಉತ್ತರ ಕರ್ನಾಟಕ ಬಡವರದು, ದಕ್ಷಿಣ ಉಳ್ಳವರದು ಎಂದು ನಕ್ಷೆಯ ಮೇಲೆ ಒಂದೇ ಗೀಟು ಎಳೆದು ಮುಗಿಸುವವರ ಮೇಲೂ ಬರುತ್ತದೆ. ಆ ಗೀಟು ಸುಳ್ಳೇನಲ್ಲ. ನೀತಿ ಆಯೋಗದ ಬಹು ಆಯಾಮದ ಬಡತನದ ಲೆಕ್ಕದಲ್ಲಿ ನಮ್ಮ ರಾಜ್ಯದ ಜಿಲ್ಲೆಗಳ ಪೈಕಿ ಯಾದಗಿರಿಯ ಸ್ಥಿತಿಯೇ ಎಲ್ಲಕ್ಕಿಂತ ಕೆಟ್ಟದು. ಆದರೆ ಗೀಟಿನ ಈಚೆಗೆ ನಿಂತವರೆಲ್ಲ ಉಂಡುಟ್ಟು ಸುಖವಾಗಿದ್ದಾರೆ ಎಂದುಕೊಳ್ಳುವುದಕ್ಕೆ ನನ್ನ ಪುಸ್ತಕ ಒಪ್ಪುವುದಿಲ್ಲ.

ನನ್ನ ತವರು ನಾಗಮಂಗಲ ತಾಲ್ಲೂಕು, ಬೆಳ್ಳೂರು ಕ್ರಾಸಿನಿಂದ ಒಳಗೆ. ಕೆಂಪು ಮಣ್ಣಿನ ಬೆದ್ದಲು, ಅಂದರೆ ಮಳೆಯನ್ನೇ ನೆಚ್ಚಿದ ಹೊಲ. ರಾಗಿ, ಹುರುಳಿ, ಅವರೆ, ಅಲಸಂದೆ. ಮುಂಗಾರು ಕೈಕೊಟ್ಟರೆ ಊರಿಗೆ ಊರೇ ಒಟ್ಟಿಗೆ ಸೊರಗುತ್ತಿತ್ತು. ದೊಡ್ಡ ಕುಳ ಎನಿಸಿಕೊಂಡವರ ಮನೆಯಲ್ಲೂ ನಿತ್ಯ ಮುದ್ದೆಯೇ, ಅನ್ನ ಹಬ್ಬಕ್ಕೆ. ಮದುವೆ ಗೊತ್ತಾದಾಗ ‘ನಮ್ಮ ಹುಡುಗಿ ಅನ್ನದ ಸೀಮೆಗೆ ಹೋಗುತ್ತಾಳೆ’ ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಿದ್ದರು. ಬಂದ ವರ್ಷ ನಾಟಿ ಕಾಲದಲ್ಲಿ ಗದ್ದೆಗೆ ಹೋಗಿ ನೋಡಿದರೆ, ಪೈರು ನೆಡುತ್ತಿದ್ದ ಹೆಂಗಸರಲ್ಲಿ ಒಬ್ಬರೂ ಆ ಗದ್ದೆಯ ಮನೆಯವರಲ್ಲ. ತವರಿನಲ್ಲಿ ನಾವು ಮುಯ್ಯಾಳಾಗಿ ಹೋಗುತ್ತಿದ್ದೆವು. ಇಂದು ಅವರ ಹೊಲದಲ್ಲಿ ನಾವು ಕಳೆ ಕಿತ್ತರೆ ನಾಳೆ ನಮ್ಮ ಹೊಲಕ್ಕೆ ಅವರು. ಇಲ್ಲಿ ಕೂಲಿ ಕೊಡುವ ಮನೆಗಳು ಬೇರೆ, ಕೂಲಿಗೆ ಹೋಗುವ ಮನೆಗಳು ಬೇರೆ. ಅತ್ತೆಯ ಕಾಲದಿಂದ ಇಲ್ಲಿಯವರೆಗೆ ಅದು ಅದಲುಬದಲಾದದ್ದನ್ನು ನಾನು ಕಾಣೆ.

ಇದಕ್ಕೆ ಚರಿತ್ರೆ ಇದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಈ ಬಯಲಿಗೆ ನೀರು ತಂದಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು, 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. ಆ ಹೊತ್ತಿಗೆ ಯಾರ ಹೆಸರಿನಲ್ಲಿ ಹೊಲವಿತ್ತೋ ಅವರ ಹೊಲ ಗದ್ದೆಯಾಯಿತು. ಯಾರಿಗೆ ಹೊಲವೇ ಇರಲಿಲ್ಲವೋ ಅವರಿಗೆ ಆ ನೀರಿನಿಂದ ಸಿಕ್ಕಿದ್ದು ಹೆಚ್ಚು ದಿನಗಳ ಕೂಲಿ. ಅದೂ ಸಣ್ಣ ಲಾಭವಲ್ಲ, ದಲಿತರ ಕಾಲೋನಿಯ ಹಿರಿಯರೇ ಹಾಗೆ ಹೇಳುತ್ತಾರೆ. ಆದರೆ ಬೆದ್ದಲಿನ ಕಾಲದಲ್ಲಿ ಎರಡು ಮನೆಗಳ ನಡುವೆ ಇದ್ದ ಅಂತರ, ನೀರು ಬಂದ ಮೇಲೆ ಎಷ್ಟೋ ಪಟ್ಟು ಹಿಗ್ಗಿತು. ದೇವರಾಜ ಅರಸರ 1974ರ ಭೂಸುಧಾರಣೆ ಕರಾವಳಿಯಲ್ಲಿ, ಶಿವಮೊಗ್ಗದ ಕಡೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಇಲ್ಲಿ ಗೇಣಿ ಕಡಿಮೆಯಿತ್ತು, ಕೂಲಿ ಹೆಚ್ಚಿತ್ತು. ಕೂಲಿಯವನ ಬಳಿ ಅರ್ಜಿ ಹಾಕಲು ಗೇಣಿ ಚೀಟಿ ಎಲ್ಲಿಂದ ಬರಬೇಕು?

ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಳೆ. ದಸರಾ ರಜೆಗೆ ಬಂದಾಗ ನನ್ನ ಈ ಗೊಣಗಾಟ ಕೇಳಿ, ‘ಅಮ್ಮ, ನೀನು ಹೇಳುವುದನ್ನು ನಾವು ಲೆಕ್ಕದಲ್ಲಿ ಮಾಡುತ್ತೇವೆ’ ಎಂದು ಡೇರಿಯ ಹಳೆಯ ರಸೀತಿಯ ಹಿಂಬದಿಯಲ್ಲಿ ಎರಡು ಕಲ್ಪನೆಯ ಊರುಗಳನ್ನು ಬರೆದು ತೋರಿಸಿದಳು. ಅದನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ. ಹಾಲಿನ ಲೆಕ್ಕ ಬಲ್ಲವರಿಗೆ ಇದು ಕಷ್ಟವಲ್ಲ.

ಒಂದು ಬೆದ್ದಲೂರು, ಒಂದು ನಾಲೆಯೂರು. ಎರಡರಲ್ಲೂ ಹತ್ತು ಹತ್ತು ಮನೆ. ತಿಂಗಳಿಗೆ 10 ಸಾವಿರಕ್ಕಿಂತ ಕಡಿಮೆ ಆದಾಯದ ಮನೆ ಬಡಮನೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೆದ್ದಲೂರಿನ ಆದಾಯ ಸಾವಿರದ ಲೆಕ್ಕದಲ್ಲಿ 7, 8, 8, 9, 9, 10, 11, 12, 13, 13. ಸರಾಸರಿ 10, ಬಡಮನೆ ಐದು. ನಾಲೆಯೂರಿನದು 6, 7, 8, 9, 14, 16, 20, 25, 35, 60. ಸರಾಸರಿ 20, ಬಡಮನೆ ನಾಲ್ಕು. ಸರಾಸರಿ ಎರಡು ಪಟ್ಟಾಗಿದೆ, ಬಡಮನೆ ಕಡಿಮೆಯಾದದ್ದು ಒಂದೇ ಒಂದು. ವರದಿ ಬರೆಯುವವರು ನಾಲೆಯೂರಿನ ಸರಾಸರಿ ನೋಡಿ ಕಡತ ಮುಚ್ಚುತ್ತಾರೆ.

ಈಗ ಪ್ರಶ್ನೆ, ಎರಡು ಊರುಗಳ ಬಡತನದ ವ್ಯತ್ಯಾಸದಲ್ಲಿ ಆದಾಯದ ಪಾಲೆಷ್ಟು, ಹಂಚಿಕೆಯ ಪಾಲೆಷ್ಟು? ಬೆದ್ದಲೂರಿನ ಹಂಚಿಕೆಯನ್ನು ಹಾಗೆಯೇ ಇಟ್ಟು ಎಲ್ಲರ ಆದಾಯವನ್ನು ಎರಡು ಪಟ್ಟು ಮಾಡಿದರೆ ಅತಿ ಬಡ ಮನೆಯೂ 14 ಸಾವಿರಕ್ಕೆ ಏರುತ್ತದೆ, ಬಡಮನೆ ಸೊನ್ನೆ. ಅಂದರೆ ಬರೀ ಆದಾಯದಿಂದ ಐದು ಮನೆ ಮೇಲೆ ಬಂದವು, ಅಸಮಾನತೆ ನಾಲ್ಕು ಮನೆಯನ್ನು ಮತ್ತೆ ಕೆಳಗೆ ತಳ್ಳಿತು. ಲೆಕ್ಕವನ್ನು ಆ ಕಡೆಯಿಂದ ಶುರು ಮಾಡಿದರೆ ಉತ್ತರ ಬೇರೆ. ನಾಲೆಯೂರಿನ ಹಂಚಿಕೆಯನ್ನೇ ಇಟ್ಟು ಆದಾಯ ಅರ್ಧ ಮಾಡಿದರೆ ಬಡಮನೆ ಆರು. ಆಗ ಆದಾಯ ಎತ್ತಿದ್ದು ಎರಡು ಮನೆ, ಅಸಮಾನತೆ ತಳ್ಳಿದ್ದು ಒಂದು. ಎಲ್ಲಿಂದ ಶುರು ಮಾಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುವುದರಿಂದ ಎರಡೂ ದಾರಿಯ ಸರಾಸರಿ ತೆಗೆಯುತ್ತಾರಂತೆ. ಲಾಯ್ಡ್ ಶೇಪ್ಲಿ ಎಂಬ ಗಣಿತಜ್ಞರ ವಿಧಾನ ಅದು. ಹಾಗೆ ಮಾಡಿದರೆ ಆದಾಯ ಮೂರೂವರೆ ಮನೆ ಎತ್ತಿತು, ಅಸಮಾನತೆ ಎರಡೂವರೆ ಮನೆ ಕೆಡವಿತು, ಉಳಿದದ್ದು ಒಂದು ಮನೆಯ ವ್ಯತ್ಯಾಸ. ಅರ್ಧ ಮನೆ ಎಲ್ಲಿರುತ್ತದೆ ಎಂದು ನನ್ನ ಗಂಡ ಕೇಳಿದರು. ಮಗಳು ಉತ್ತರ ಕೊಡದೆ ಕಾಫಿ ಕುಡಿದಳು.

ನನಗೆ ಇದಕ್ಕಿಂತ ನಾಟಿದ್ದು ಅವಳು ಆಮೇಲೆ ಹಾಕಿದ ಇನ್ನೊಂದು ಸಾಲು. ಒಳ್ಳೆಯ ಮಳೆ, ಒಳ್ಳೆಯ ಬೆಲೆ ಬಂದು ಎರಡೂ ಊರಿನಲ್ಲಿ ಪ್ರತಿ ಮನೆಯ ಆದಾಯ ನೂರಕ್ಕೆ ಹನ್ನೆರಡರಷ್ಟು ಏರಿತು ಎಂದುಕೊಳ್ಳಿ. ಬೆದ್ದಲೂರಿನಲ್ಲಿ ಎರಡು ಮನೆ ಗೆರೆ ದಾಟುತ್ತವೆ, ನಾಲೆಯೂರಿನಲ್ಲಿ ಒಂದು. ನಾಲೆಯೂರಿನ ದೊಡ್ಡ ಮನೆಗೆ ಆ ಹನ್ನೆರಡರಿಂದ ಬಂದದ್ದು 7,200 ರೂಪಾಯಿ, ಚಿಕ್ಕ ಮನೆಗೆ 720. ಎಲ್ಲರಿಗೂ ಸಮನಾಗಿಯೇ ಏರಿತಲ್ಲ ಎಂದು ಹೇಳುವವರು ಈ ಸಮ ಯಾವುದು ಎಂದು ಒಮ್ಮೆ ನೋಡಲಿ.

ಕಲ್ಪನೆಯ ಊರುಗಳನ್ನು ಬಿಡಿ, ಇಂಥ ಜೋಡಿ ಊರುಗಳನ್ನು ನಮ್ಮ ಮಂಡ್ಯದ ಬಳಿಯೇ ನಿಜವಾಗಿ ಅಳೆದು ನೋಡಿದವರಿದ್ದಾರೆ. ವಿಯೆನ್ನಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1954ರಲ್ಲಿ ಇಲ್ಲಿಗೆ ಬಂದು ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ಊರಿನ ಹೆಸರು ಮರೆಸಿ ಒಂದನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದರು. ವಂಗಲಕ್ಕೆ ನಾಲೆ ನೀರು ಬಂತು. ದಲೇನ ನಾಲೆಗಿಂತ ಎತ್ತರದಲ್ಲಿದ್ದ ಕಾರಣ ಒಣಗಿಯೇ ಉಳಿಯಿತು. ನೀರು ಬಂದ ಊರು ಕಬ್ಬು ಭತ್ತ ಬೆಳೆದು ಗಟ್ಟಿಯಾಯಿತು, ಆದರೆ ಒಕ್ಕಲಿಗರ ಮನೆಗೂ ಆದಿ ಕರ್ನಾಟಕದವರ ಮನೆಗೂ ಇದ್ದ ಹಳೆಯ ಒಡೆಯ ಆಳು ಸಂಬಂಧ ಹಾಗೆಯೇ ನಿಂತಿತು. ನೀರಿಲ್ಲದ ಊರಿನವರು ಸುಮ್ಮನೆ ಕೂರಲಿಲ್ಲ. ಮಂಡ್ಯದ ಕಾರ್ಖಾನೆಗೆ ಹೋದರು, ವ್ಯಾಪಾರಕ್ಕಿಳಿದರು, ಪಕ್ಕದ ನೀರಾವರಿ ಊರುಗಳಲ್ಲಿ ಜಮೀನು ಕೊಂಡರು. ಹಳೆಯ ಕಟ್ಟುಗಳು ಸಡಿಲವಾದದ್ದೂ ಅಲ್ಲೇ. 1970ರಲ್ಲಿ ಅವರು ಮತ್ತೆ ಬಂದು ನೋಡಿದಾಗ ಉಳ್ಳವರ ಮತ್ತು ಇಲ್ಲದವರ ನಡುವಿನ ಅಂತರ ಇನ್ನೂ ಹಿಗ್ಗಿತ್ತು.

ಇದನ್ನು ಮೊದಲ ಸಲ ಕೇಳಿದಾಗ ನನ್ನ ತವರೇ ಕಣ್ಣಿಗೆ ಬಂತು. ನಮ್ಮ ಊರಿನಲ್ಲಿ ಈಗ ಹೊಲ ಉಳುವವರು ಕಡಿಮೆ. ಹುಡುಗರು ಬೆಳ್ಳೂರು ಕ್ರಾಸಿನಲ್ಲಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಹೋಟೆಲ್, ಕ್ಯಾಬ್, ಕಂಪನಿ ಕೆಲಸ ಹಿಡಿದರು. ನನ್ನ ತಮ್ಮ ನೆಲಮಂಗಲದ ಗೋದಾಮಿನಲ್ಲಿ ಮೇಲ್ವಿಚಾರಕ. ಊರಿನ ಹೆಚ್ಚುಕಡಿಮೆ ಎಲ್ಲ ಮನೆಗಳೂ ಒಂದೇ ಕಾಲಕ್ಕೆ ಒಂದೇ ದಾರಿ ಹಿಡಿದವು, ಏಕೆಂದರೆ ಊರಿನಲ್ಲಿ ಕೂರಿಸಿಕೊಳ್ಳುವಂಥದ್ದು ಯಾರಿಗೂ ಇರಲಿಲ್ಲ. ನಾಲೆ ಬಯಲಿನಲ್ಲಿ ಗದ್ದೆ ಇದ್ದವರ ಮಕ್ಕಳು ಎಂಜಿನಿಯರಾದರು, ಕಾಲೋನಿಯ ಹೆಣ್ಣುಮಕ್ಕಳು ಬೆಳಗ್ಗೆ ಏಳಕ್ಕೆ ಗಾರ್ಮೆಂಟ್ಸ್ ವ್ಯಾನ್ ಹತ್ತಿದರು. ಎರಡೂ ಹೊರಗಿನ ಆದಾಯವೇ. ಮಾರ್ಚ್ 2023ರಲ್ಲಿ ಮೈಸೂರು ಬೆಂಗಳೂರು ದಶಪಥ ಉದ್ಘಾಟನೆಯಾದ ಮೇಲೆ ಮೊದಲಿನವರ ಎಕರೆಯ ಬೆಲೆ ಎಲ್ಲಿಗೋ ಹೋಯಿತು. ಎರಡನೆಯವರಿಗೆ ಹೊಸ ರಸ್ತೆಯ ಮೇಲೆ ಓಡುವ ವ್ಯಾನೂ ಸಿಗಲಿಲ್ಲ, ಅದು ಸರ್ವಿಸ್ ರಸ್ತೆಯಲ್ಲಿ ಹೋಗುತ್ತದೆ.

ನಾಲೆ ಬಯಲು ಎಂದು ಒಂದೇ ಮಾತಿನಲ್ಲಿ ಹೇಳುವುದೂ ತಪ್ಪು. ತೂಬಿನ ಬಾಯಲ್ಲಿ ಗದ್ದೆ ಇದ್ದವರ ಗತ್ತೇ ಬೇರೆ. ಮಳವಳ್ಳಿ, ಮದ್ದೂರಿನ ಕೊನೆಭಾಗದವರು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟಾಗ ರಾತ್ರಿಯೆಲ್ಲ ಟಾರ್ಚ್ ಹಿಡಿದು ನಾಲೆ ಏರಿಯ ಮೇಲೆ ಕಾಯುತ್ತಾರೆ. ಕಟ್ಟೆಯಲ್ಲಿ 124.80 ಅಡಿ ತುಂಬಿದ ವರ್ಷ ಬಾಗಿನ ಕೊಡುವ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ನಮ್ಮ ತಾಲ್ಲೂಕಿನ ಕೊನೆ ಊರಿನವರು ಅದೇ ವಾರ ನೀರಾವರಿ ಕಚೇರಿ ಎದುರು ಕೂತಿರುತ್ತಾರೆ. ಹಿಡುವಳಿಯೂ ಚಿಕ್ಕದು, ಜಿಲ್ಲೆಯ ಹೆಚ್ಚಿನ ರೈತರದು ಎರಡೂವರೆ ಎಕರೆಗಿಂತ ಕಡಿಮೆ. ಕಾರ್ಖಾನೆ ಕಬ್ಬಿನ ಹಣ ತಡಮಾಡಿದರೆ ಅವರೂ ಸಾಲದ ಬಾಗಿಲಿಗೇ ಹೋಗಬೇಕು. 2015ರಲ್ಲಿ ಈ ಜಿಲ್ಲೆಯಲ್ಲಿ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಸುದ್ದಿಯಾದಾಗ ‘ನೀರಿದ್ದೂ ಏಕೆ?’ ಎಂದು ಕೇಳಿದವರು ಬಹಳ. ಆದಾಯ ಹೆಚ್ಚು ಬರುವ ಬೆಳೆಗೆ ಸಾಲವೂ ಹೆಚ್ಚು ಬೇಕು ಎಂಬುದು ಅವರಿಗೆ ಹೊಳೆಯಲಿಲ್ಲ.

ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿ ಕಡೆಯಿಂದ ತಂಡಗಳು ಬರುತ್ತವೆ. ಮೇಸ್ತ್ರಿಯ ಬಳಿ ಮುಂಗಡ ಪಡೆದು, ಗಂಡ ಹೆಂಡತಿ ಮಕ್ಕಳು ಪಾತ್ರೆಪಡಗದ ಸಮೇತ. ನಾಲೆ ಏರಿಯ ಪಕ್ಕ ಟಾರ್ಪಾಲಿನ್ ಗುಡಿಸಲು ಹಾಕುತ್ತಾರೆ. ಕೂಲಿ ಟನ್ನಿನ ಲೆಕ್ಕ. ಅವರಲ್ಲೊಬ್ಬ ಹೆಣ್ಣುಮಗಳು ಸಂಜೆ ಡೇರಿಗೆ ಮಗುವಿಗೆಂದು ಅರ್ಧ ಲೀಟರ್ ಹಾಲಿಗೆ ಬರುತ್ತಿದ್ದಳು. ‘ನಿಮ್ಮ ಕಡೆಯೂ ತುಂಗಭದ್ರಾ ನಾಲೆ ಇದೆಯಲ್ಲಮ್ಮ, ಇಷ್ಟು ದೂರ ಏಕೆ?’ ಎಂದೆ.

‘ನಾಲೆ ಇದೆ ಅಕ್ಕಾ. ಹೊಲ ಬೇರೆಯವರದು’ ಎಂದಳು.

ತುಂಗಭದ್ರಾ ಅಣೆಕಟ್ಟಿಗೂ ಎಪ್ಪತ್ತು ವರ್ಷ ದಾಟಿತು. ಅವಳ ಊರಿನಲ್ಲಿ ಎರಡೂ ಸೇರಿಕೊಂಡಿವೆ. ಮಳೆಯನ್ನೇ ನೆಚ್ಚಿದ ಹೊಲಗಳ ಆದಾಯ ಕಡಿಮೆ, ನೀರು ಬಂದಲ್ಲಿ ಅದು ಕೆಲವರ ಪಾಲು. ಶಾಲೆ ಆಸ್ಪತ್ರೆಗಳು ತಡವಾಗಿ ಬಂದ ನಿಜಾಮರ ಸೀಮೆಯ ಚರಿತ್ರೆಯೂ ಕಲಬುರಗಿ, ಯಾದಗಿರಿ, ರಾಯಚೂರುಗಳ ಬೆನ್ನಿಗಿದೆ. ಆ ಸೀಮೆಗೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 2012ರ 371(ಜೆ) ತಿದ್ದುಪಡಿ ಬಂದದ್ದು ಅದಕ್ಕಾಗಿಯೇ. ನಮ್ಮ ಊರಿನ ಕೂಲಿಯವಳು ಕಡಿಯಲೊಲ್ಲದ ಕಬ್ಬನ್ನು, ಅವಳು ಕೇಳುವ ಕೂಲಿಗಿಂತ ಅಗ್ಗಕ್ಕೆ ಕಡಿಯಲು ಇವಳು ನಾನೂರು ಕಿಲೊಮೀಟರ್ ಬರುತ್ತಾಳೆ. ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದ ಹುಡುಗರು ಬೆಲ್ಲ ಕಾಯಿಸುತ್ತಾರೆ. ಒಂದು ಸೀಮೆಯ ಬಡತನ ಇನ್ನೊಂದು ಸೀಮೆಯ ಕೂಲಿದರವನ್ನು ಹಿಡಿದಿಡುವುದು ಹೀಗೆ. ಇದನ್ನು ಜಿಲ್ಲಾವಾರು ಕೋಷ್ಟಕದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮೈಸೂರು ಜಿಲ್ಲೆಯಲ್ಲೂ ಅಷ್ಟೇ. ನಗರದ ಬಡಾವಣೆಗಳ ಆದಾಯ, ಹೆಗ್ಗಡದೇವನಕೋಟೆಯ ಹಾಡಿಗಳ ಆದಾಯ ಎರಡೂ ಒಂದೇ ಸರಾಸರಿಯೊಳಗೆ ಬೀಳುತ್ತವೆ. ಕಬಿನಿಯ ನೀರು, ನಾಗರಹೊಳೆಯ ಹುಲಿ, ಎರಡಕ್ಕೂ ಜಾಗ ಬಿಟ್ಟುಕೊಟ್ಟ ಜೇನುಕುರುಬರು, ಕಾಡುಕುರುಬರು ಬೆಳಗಿನ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಹೋಗುತ್ತಾರೆ.

ಈ ಕೋಷ್ಟಕಗಳ ವಿಷಯಕ್ಕೆ ಬಂದರೆ ನನಗೆ ಎರಡು ತಕರಾರು. 2011-12ರಲ್ಲಿ ತೆಂಡೂಲ್ಕರ್ ವಿಧಾನದಂತೆ ಕರ್ನಾಟಕದ ಗ್ರಾಮೀಣ ಬಡತನ ರೇಖೆ ತಲೆಗೆ ತಿಂಗಳಿಗೆ 902 ರೂಪಾಯಿ, ದಿನಕ್ಕೆ ಸುಮಾರು 30. ಆ ರೇಖೆಯ ಕೆಳಗೆ ನಮ್ಮ ಗ್ರಾಮೀಣ ಜನರಲ್ಲಿ ಶೇಕಡ 24.5ರಷ್ಟು ಮಂದಿ ಇದ್ದರು. ಅದು ಆದಾಯದ ಲೆಕ್ಕವಲ್ಲ, ಖರ್ಚಿನ ಲೆಕ್ಕ. 2022-23ರ ಸಮೀಕ್ಷೆಯಲ್ಲಿ ರಾಜ್ಯದ ಗ್ರಾಮೀಣ ತಲಾ ಮಾಸಿಕ ಖರ್ಚು 4,397 ರೂಪಾಯಿ, ನಗರದ್ದು 7,666. ದೇಶದ ಹಳ್ಳಿಗಳ ಖರ್ಚಿನ ಅಸಮಾನತೆ ತೋರಿಸುವ ಗಿನಿ ಸೂಚ್ಯಂಕ 2022-23ರ 0.266ರಿಂದ ಮರುವರ್ಷ 0.237ಕ್ಕೆ ಇಳಿದಿದೆ ಎಂದೂ ಸರ್ಕಾರ ಹೇಳಿತು. ಇಳಿದಿರಬಹುದು. ಉಣ್ಣುವುದರಲ್ಲಿ ಎಲ್ಲರದೂ ಒಂದೇ ಅಳತೆಯ ಹೊಟ್ಟೆ. ಅನ್ನಭಾಗ್ಯ ಬಂದ ಮೇಲಂತೂ ನಮ್ಮ ಊರಿನ ಎರಡು ಕೊನೆಗಳ ಮನೆಗಳ ತಟ್ಟೆಯಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸ ಇರುವುದು ಪಹಣಿಯಲ್ಲಿ, ಬ್ಯಾಂಕಿನ ಚಿನ್ನದ ಸಾಲದ ಚೀಟಿಯಲ್ಲಿ, ಮೈಸೂರಿನಲ್ಲಿ ಕೊಂಡ ನಿವೇಶನದಲ್ಲಿ. ತಿಂಗಳ ಖರ್ಚಿನ ಪ್ರಶ್ನಾವಳಿಗೆ ಅವು ಸಿಕ್ಕುವುದಿಲ್ಲ.

ಎರಡನೆಯ ತಕರಾರು ಅಳತೆಯ ಘಟಕದ್ದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿಯಿತು, ಅದು ದೊಡ್ಡ ಹೆಜ್ಜೆ. 35 ಸೂಚ್ಯಂಕಗಳಿಂದ ಅಳೆದು ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು. ಸೀಮೆ ಸೀಮೆಯ ನಡುವಿನ ಅಂತರಕ್ಕೆ ಆ ಅಳತೆ ಸಾಕು. ಆದರೆ ತಾಲ್ಲೂಕೂ ಒಂದು ಸರಾಸರಿಯೇ. ಬೆದ್ದಲಿನ ತಾಲ್ಲೂಕಿಗೆ ಕೆರೆ ತುಂಬಿಸಿ, ರಸ್ತೆ ಮಾಡಿ, ಕಾರ್ಖಾನೆ ತಂದರೆ ಬಡತನ ಬೇಗ ಕರಗುತ್ತದೆ, ಏಕೆಂದರೆ ಅಲ್ಲಿ ಎಲ್ಲರೂ ಗೆರೆಯ ಹತ್ತಿರವೇ ನಿಂತಿದ್ದಾರೆ. ಅದೇ ಹಣವನ್ನು ನಾಲೆ ಬಯಲಿನಲ್ಲಿ ಇನ್ನೊಂದು ಉಪನಾಲೆಯ ಕಾಂಕ್ರೀಟಿಗೆ ಹಾಕಿದರೆ ಕೊನೆಭಾಗದ ರೈತನಿಗೆ ನೀರು ಮುಟ್ಟುತ್ತದೆ, ಅದು ಬೇಕಾದ್ದೇ. ಕಾಲೋನಿಯ ನಾಲ್ಕು ಮನೆ ಮಾತ್ರ ಇದ್ದಲ್ಲೇ ಇರುತ್ತವೆ.

ಹಾಗಾದರೆ ಅವರಿಗೆ ಏನು ತಲುಪುತ್ತದೆ? ಗೃಹಲಕ್ಷ್ಮಿ ಯೋಜನೆಯನ್ನು ಆಗಸ್ಟ್ 2023ರಲ್ಲಿ ಮೈಸೂರಿನಲ್ಲೇ ಶುರು ಮಾಡಿದರು. ಅದನ್ನು ಬಿಟ್ಟಿ ಎಂದು ಮೂಗು ಮುರಿಯುವವರು ನಮ್ಮ ಡೇರಿಯ ಕಟ್ಟೆಯ ಮೇಲೆ ದಿನವೂ ಸಿಗುತ್ತಾರೆ. ಮಗಳ ಕಲ್ಪನೆಯ ಊರುಗಳಿಗೆ ಮನೆಗೆ 2,000ದಂತೆ ಸೇರಿಸಿ ನೋಡಿದೆ. ಬೆದ್ದಲೂರಿನ ಬಡಮನೆ ಐದರಿಂದ ಒಂದಕ್ಕೆ, ನಾಲೆಯೂರಿನದು ನಾಲ್ಕರಿಂದ ಎರಡಕ್ಕೆ ಇಳಿಯಿತು. ತಲಾ ಸಮನಾಗಿ ಕೊಟ್ಟ ಹಣ 6 ಸಾವಿರದ ಮನೆಗೆ ಮೂರನೆಯ ಒಂದು ಭಾಗ, 60 ಸಾವಿರದ ಮನೆಗೆ ಮೂವತ್ತರ ಒಂದು. ಇದರ ಪಕ್ಕದಲ್ಲಿ ನಾನೇ ಹಂಚುವ ಹಾಲಿನ ಪ್ರೋತ್ಸಾಹಧನವನ್ನಿಡಿ. ಲೀಟರಿಗೆ 5 ರೂಪಾಯಿ; 40 ಲೀಟರ್ ಹಾಕುವ ಮನೆಗೆ ದಿನಕ್ಕೆ 200, ನಾಲ್ಕು ಲೀಟರ್ ಹಾಕುವವಳಿಗೆ 20. ಅದನ್ನು ಬಿಟ್ಟಿ ಎಂದು ಕರೆದವರನ್ನು ನಾನಿನ್ನೂ ಕಂಡಿಲ್ಲ.

ಹಾಲಿನಿಂದ ಭೂಮಿ ಇಲ್ಲದವರು ಉದ್ಧಾರವಾಗುತ್ತಾರೆ ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಸ್ವಲ್ಪ ನಿಜ. ಆದರೆ ಹಸುವಿಗೆ ಹುಲ್ಲು ಬೇಕು, ಹುಲ್ಲು ಬೆಳೆಯುವುದು ಬೇರೆಯವರ ಬದುವಿನ ಮೇಲೆ. ಬದುವಿನ ಹುಲ್ಲು ಕೊಯ್ಯಲು ಬಿಟ್ಟ ಗದ್ದೆಯವರು ನಾಟಿ ದಿನ ಕರೆದರೆ, ಬೇರೆ ಕಡೆ ಐವತ್ತು ರೂಪಾಯಿ ಹೆಚ್ಚು ಕೂಲಿ ಇದ್ದರೂ ಬರಲೇಬೇಕು. ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಈಚೆಗೆ ಕಳೆನಾಶಕ ಹೊಡೆಯುವುದು ಹೆಚ್ಚಾಗಿ ಬದುವೂ ಬೋಳಾಗಿದೆ. ಹಾಗಾಗಿ ಒಂದೇ ಹಸು ಕಟ್ಟಿದ ಮನೆಗಳು ಮೇವು ಕೊಳ್ಳುತ್ತವೆ. ಹಿಂಡಿ, ಬೂಸಾ, ಮೇವು ಮುರಿದುಕೊಂಡ ಮೇಲೆ ಅವರ ಬಟವಾಡೆಯಲ್ಲಿ ಉಳಿಯುವುದನ್ನು ಓದಿ ಹೇಳಲು ನನಗೇ ಸಂಕೋಚವಾಗುತ್ತದೆ. ಸ್ವಂತ ಜೋಳದ ಕಡ್ಡಿ ಇರುವವರಿಗೆ ಅದೇ ಹಾಲು, ಅದೇ ದರ, ಉಳಿತಾಯ ಮಾತ್ರ ಬೇರೆ.

ಸಂಘದ ಲಾಭದ ಒಂದು ಪಾಲಿನಲ್ಲಿ ರಸಮೇವು (ಹಸಿ ಮೇವನ್ನು ಗಾಳಿಯಾಡದಂತೆ ಅದುಮಿ ಹುದುಗಿಸಿಟ್ಟದ್ದು, ಸೈಲೇಜ್) ತರಿಸಿ, ಜಮೀನಿಲ್ಲದ ಸದಸ್ಯರಿಗೆ ಕೊಂಡ ಬೆಲೆಗೇ ಮೊದಲು ಕೊಡೋಣ ಎಂದು ಆಡಳಿತ ಮಂಡಳಿಯ ಮುಂದೆ ಇಟ್ಟೆ. ‘ಜಮೀನಿಲ್ಲದವರು ಹಸು ಏಕೆ ಕಟ್ಟಬೇಕಮ್ಮ?’ ಎಂದು ಒಬ್ಬ ನಿರ್ದೇಶಕರು ಕೇಳಿದರು. ಅವರದು ತೂಬಿನ ಬಾಯಲ್ಲಿ ಆರು ಎಕರೆ. ಅಧ್ಯಕ್ಷರು ಮಹಾಸಭೆಗೆ ಬಿಡೋಣ ಎಂದು ತೇಲಿಸಿದರು. ಸರಿ, ವಾರ್ಷಿಕ ಮಹಾಸಭೆಯ ವಿಷಯಪಟ್ಟಿ ಟೈಪ್ ಮಾಡುವವಳು ನಾನೇ. ರಸಮೇವನ್ನು ಬೋನಸ್ ಹಂಚಿಕೆಗಿಂತ ಮುಂಚಿನ ಸಾಲಿನಲ್ಲಿ ಸೇರಿಸಿದ್ದೇನೆ. ಬೋನಸ್ ಕೈಗೆ ಬಂದ ಮೇಲೆ ನಮ್ಮ ಊರಿನ ಸಭೆಯಲ್ಲಿ ಯಾರೂ ಕೂರುವುದಿಲ್ಲ.